ಬಿಚ್ಚಿ ನೋಡಿದ್ರೆ ಹಾಡು ಸಾಯಲ್ಲ ಸ್ವಾಮಿ

"ಸಂಗೀತಾನ ಸುಮ್ನೆ ಅನುಭವಿಸ್ಬೇಕು, ಬಿಚ್ಚಿ ನೋಡಬಾರದು." ಹೀಗೆ ಉಪದೇಶ ಮಾಡೋರು ಹೆಚ್ಚಾಗಿ ಮನೆಯಲ್ಲೇ ವೀಣೆಯನ್ನೋ ಪಿಯಾನೋವನ್ನೋ ಕೇಳಿ ಬೆಳೆದವರು. ಅವರಿಗೆ ಬಾಗಿಲು ಮೊದಲೇ ತೆರೆದಿರುತ್ತೆ. ಆಕಾಶವಾಣಿ, ಜಾತ್ರೆಯ ಆರ್ಕೆಸ್ಟ್ರಾ ಇಷ್ಟರಲ್ಲೇ ಕಿವಿ ಬಲಿತ ನಮ್ಮಂಥ ಹಳ್ಳಿ ಹೈಕಳಿಗೆ ಅಪೆರಾ ಮೊದಮೊದಲು ಬರೀ ಕಿರುಚಾಟ. ನಮಗೆ ಬಾಗಿಲು ತೆಗೆಯೋದೇ ವಿಶ್ಲೇಷಣೆ.

ಹೆನ್ರಿ ಪರ್ಸೆಲ್‌ನ 'ಡೈಡೋ ಅಂಡ್ ಈನಿಯಸ್' ತಗೊಳ್ಳಿ. 1680ರ ದಶಕದ ಇಂಗ್ಲಿಷ್ ಅಪೆರಾ. ಪ್ರಿಯಕರ ಬಿಟ್ಟು ಹೊರಟಮೇಲೆ ಕಾರ್ಥೇಜಿನ ರಾಣಿ ಡೈಡೋ ಸಾಯುವ ಮುಂಚೆ ಹಾಡೋ ಹಾಡು ಅದರ ಕೊನೆಯಲ್ಲಿದೆ. "ಮೈನರ್ ಸ್ಕೇಲು, ನಿಧಾನದ ಲಯ, ಅದಕ್ಕೇ ದುಃಖ" ಅಂತಾರೆ. ಅಷ್ಟೇ ಆಗಿದ್ರೆ ಯಾರು ಬೇಕಾದ್ರೂ ಬರೀತಿದ್ರು.

ನಿಜವಾದ ಕೆಲಸ ಬೇಸ್‌ನಲ್ಲಿದೆ. ಐದು ಬಾರ್‌ಗಳ ಒಂದೇ ಲೂಪ್, ಒಟ್ಟು 11 ಸಲ. ಜಿ ಸ್ವರದಿಂದ ಕೆಳಗಿನ ಡಿ ತನಕ ಅರ್ಧರ್ಧ ಸ್ವರವಾಗಿ ಇಳಿಯುತ್ತೆ, ಆಮೇಲೆ ಮತ್ತೆ ಜಿಗೆ ಬಂದು ನಿಲ್ಲುತ್ತೆ. ನಮ್ಮ ಲೆಕ್ಕದಲ್ಲಿ ಮೇಲಿನ ಸ ದಿಂದ ಪ ವರೆಗೆ ಒಂದು ಮೆಟ್ಟಿಲನ್ನೂ ಬಿಡದೆ ಇಳಿದ ಹಾಗೆ. ಮೇಳಕರ್ತದಲ್ಲಿ ಪ-ಸ ನಡುವಿನ ನಾಲ್ಕು ಸ್ಥಾನಗಳಲ್ಲಿ ಎರಡನ್ನು ಮಾತ್ರ ಆರಿಸ್ತೀವಿ. ಪರ್ಸೆಲ್ ನಾಲ್ಕನ್ನೂ ತುಳೀತಾನೆ.

ಈ ಲೂಪ್ ವಿಧಿ ಇದ್ದ ಹಾಗೆ, ಯಾರ ಮಾತಿಗೂ ನಿಲ್ಲಲ್ಲ. ಡೈಡೋ ಅದಕ್ಕೆ ಸರಿಯಾಗಿ ಹಾಡೋದೂ ಇಲ್ಲ. ಬೇಸ್ ಒಂದು ಸುತ್ತು ಮುಗಿಸೋ ಹೊತ್ತಿಗೆ ಅವಳ ಸಾಲು ಎಷ್ಟೋ ಕಡೆ ಇನ್ನೂ ಅರ್ಧದಲ್ಲೇ ಇರುತ್ತೆ. ತನ್ನನ್ನು ನೆನಪಿಟ್ಟುಕೊಳ್ಳಿ ಅಂತ ಕೇಳುವಾಗ ಮೊದಲು ಡಿ ಒಂದನ್ನೇ ಹಿಡಿದು ನಿಲ್ತಾಳೆ. ಕೆಳಗೆ ನೆಲ ಕುಸೀತಾ ಇರುತ್ತೆ, ಇವಳು ಜಗ್ಗಲ್ಲ. ಆಮೇಲೆ ಅದೇ ಮಾತು ಮೇಲಿನ ಜಿಗೆ ಏರುತ್ತೆ. ಕೊನೆಯ ಎರಡು ಸುತ್ತಲ್ಲಿ ಅವಳ ದನಿಯೇ ಇಲ್ಲ. ಆ ಇಳಿತವನ್ನು ಈಗ ಪಿಟೀಲುಗಳೂ ಎತ್ತಿಕೊಳ್ತವೆ.

ಇದು ಗೊತ್ತಾದ್ಮೇಲೆ ಹಾಡು ಸತ್ತುಹೋಯ್ತಾ? ಚೆನ್ನಾಗಿ ಬರೆದ ಕೋಡ್ ಓದಿದ್ರೆ ಬರೆದವನ ಮೇಲಿನ ಗೌರವ ಜಾಸ್ತಿಯಾಗುತ್ತೆ, ಕಮ್ಮಿಯಾಗಲ್ಲ. "ಇದೆಲ್ಲ ನಿಮಗ್ಯಾಕೆ, ಸುಮ್ನೆ ಕೇಳಿ" ಅನ್ನೋದರಲ್ಲಿ ವಿನಯ ಇಲ್ಲ, ಬೇಲಿ ಇದೆ. ಅನುಭವ ಹುಟ್ಟಿನಿಂದಲೇ ಬರೋದಾದ್ರೆ ಸಂಗೀತ ಕೆಲವೇ ಮನೆತನಗಳ ಆಸ್ತಿ. ಕಲಿತು ಪಡೆಯೋದಾದ್ರೆ ಎಲ್ಲರದ್ದು.

ಹೆಡ್‌ಫೋನ್ ಹಾಕ್ಕೊಳ್ಳಿ. ಹಾಡುಗಾರ್ತಿಯನ್ನು ಬಿಡಿ, ಬೇಸ್ ಹಿಡಿದು ಹನ್ನೊಂದರ ತನಕ ಎಣಿಸಿ. ಲೆಕ್ಕ ತಪ್ಪಿದ್ರೆ ಪರವಾಗಿಲ್ಲ, ಆ ಹೊತ್ತಿಗೆ ನೀವು ಒಳಗಡೆ ಇರ್ತೀರಿ.