ಬಸುರಿಯ ಬಾಯಿ ಮೂಸುವ ಮುನ್ನ

ಗರ್ಭಿಣಿಯರ ದುಶ್ಚಟದ ಬಗ್ಗೆ ಸೆಮಿನಾರು ನಡೆದಾಗಲೆಲ್ಲ ತೆರೆಯ ಮೇಲೆ ಒಂದೇ ಬಗೆಯ ಚಿತ್ರ ಮೂಡುತ್ತದೆ: ಸಿಗರೇಟು ಹಿಡಿದ, ಜೀನ್ಸ್ ತೊಟ್ಟ ನಗರದ ಹುಡುಗಿ. ಅದರ ಬೆನ್ನಿಗೇ ತಾಯ್ತನದ ಮೌಲ್ಯ ಕುಸಿಯಿತೆಂಬ ಉಪದೇಶ. ಈ ಚಿತ್ರದ ಬಗ್ಗೆ ನನ್ನ ತಕರಾರಿದೆ. ನಮ್ಮಲ್ಲಿ ಹೆಂಗಸರು ಬಳಸುವ ತಂಬಾಕು ಬಹುಪಾಲು ಹೊಗೆಯಾಡುವುದೇ ಇಲ್ಲ. ಅದು ದವಡೆಯಲ್ಲಿಟ್ಟ ಹೊಗೆಸೊಪ್ಪು, ಎಲೆಅಡಿಕೆಯ ಜೊತೆ ಬೆರೆತ ಕಡ್ಡಿಪುಡಿ. ಅದನ್ನು ನಾವು ಚಟ ಎನ್ನುವುದಿಲ್ಲ. ನಮ್ಮ ಕಥೆಗಳಲ್ಲಿ ಅಜ್ಜಿಯ ಎಲೆಅಡಿಕೆ ಸಂಚಿಗೆ ಮಮತೆಯ ವಾಸನೆಯಷ್ಟೇ ಇರುತ್ತದೆ.

ಮಗುವಿನ ದೇಹಕ್ಕೆ ಈ ಮಮತೆ ಗೊತ್ತಿಲ್ಲ. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಮಾಸು ದಾಟಿ ಭ್ರೂಣವನ್ನು ಮುಟ್ಟುತ್ತದೆ. ಮುಂಬೈಯ ಗರ್ಭಿಣಿಯರನ್ನು ಕುರಿತು ಗುಪ್ತ ಮತ್ತು ಶ್ರೀವಿದ್ಯಾ 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸುವವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ದಿನ ತುಂಬುವ ಮೊದಲೇ ಹೆರಿಗೆಯಾಗುವುದೂ ಹೆಚ್ಚಿತ್ತು. 105 ಗ್ರಾಂ ಎಷ್ಟು ಮಹಾ ಎನ್ನಬೇಡಿ. ತಾಯಿಗೆ ರಕ್ತಹೀನತೆಯಿದ್ದು, ಮಗು ಎರಡೂವರೆ ಕಿಲೋದ ಗಡಿಯಲ್ಲಿ ತೂಗುತ್ತಿದ್ದರೆ, ಅಷ್ಟೇ ಸಾಕು.

ಹಾಗಾದರೆ ತಾಯಿಯದೇ ತಪ್ಪು? ಕ್ಷೇತ್ರಕಾರ್ಯದಲ್ಲಿ ಸಿಕ್ಕ ಏಳು ತಿಂಗಳ ಬಸುರಿಯೊಬ್ಬರು ಕಳೆ ಕೀಳುತ್ತಲೇ ನನಗೆ ಹೇಳಿದ್ದರು: ‘ಒಂದು ಚೂರು ಹಾಕ್ಕಂಡ್ರೆ ಹೊಟ್ಟೆ ಹಸಿಯಾಕಿಲ್ಲ ಕಣಕ್ಕ, ಕೆಲಸ ಸಾಗ್ತದೆ.’ ನಿಕೋಟಿನ್ ಹಸಿವನ್ನು ಅಡಗಿಸುತ್ತದೆ ಎಂದು ವೈದ್ಯಶಾಸ್ತ್ರವೂ ಹೇಳುತ್ತದೆ. ಆಕೆಯ ಕೆನ್ನೆಯಲ್ಲಿದ್ದದ್ದು ಮಧ್ಯಾಹ್ನದ ಊಟದ ಬದಲಿ.

ಇನ್ನು, ಬಾಯಿಗೆ ಹಾಕದೆಯೂ ತಂಬಾಕು ಮೈ ಸೇರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಒದ್ದೆ ತಂಬಾಕಿನ ಎಲೆ ಮುರಿಯುವವರಿಗೆ ಚರ್ಮದ ಮೂಲಕವೇ ನಿಕೋಟಿನ್ ಇಳಿಯುತ್ತದೆ. ವಾಂತಿ, ತಲೆಸುತ್ತು ಬರುತ್ತದೆ. ಅದೇ ಲಕ್ಷಣ ಬಸುರಿಗೆ ಬಂದರೆ ‘ಬಸುರಲ್ಲವೇ, ಇದ್ದದ್ದೇ’ ಎಂದುಬಿಡುವುದು ಸುಲಭ. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರು ತಂಬಾಕಿನ ದೂಳು ಕುಡಿಯುತ್ತಲೇ ಬಸುರು ಹೊರುತ್ತಾರೆ. ಇವರಲ್ಲಿ ಯಾರು ವ್ಯಸನಿ? ತಂಬಾಕು ಹರಾಜು ಹಾಕಿಸುವುದು ಕೇಂದ್ರ ವಾಣಿಜ್ಯ ಸಚಿವಾಲಯದ ತಂಬಾಕು ಮಂಡಳಿ. ಬಸುರಿಗೆ ‘ತಂಬಾಕು ಮುಟ್ಟಬೇಡ’ ಎನ್ನುವುದೂ ಸರ್ಕಾರವೇ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಯಲ್ಲಿ ಮಾರಿ ಆ ನಿಷೇಧವನ್ನು ದಾಟುವುದು ಅಂಗಡಿಗಳಿಗೆ ಕಷ್ಟವಾಗಲಿಲ್ಲ.

ಬೈದು ಹೆದರಿಸಿದರೆ ಬಿಡುತ್ತಾರೆ ಎನ್ನುವವರು ಅಮೆರಿಕದ ಚಾರ್ಲ್ಸ್‌ಟನ್ ನಗರದ ಕಥೆ ಓದಬೇಕು. ಅಲ್ಲಿಯ ಸರ್ಕಾರಿ ಆಸ್ಪತ್ರೆಯೊಂದು 1989ರಿಂದ ಬಸುರಿಯರ ಮೂತ್ರದಲ್ಲಿ ಕೊಕೇನ್ ಹುಡುಕಿ ಪೊಲೀಸರಿಗೆ ತಿಳಿಸುತ್ತಿತ್ತು. ಬಂಧಿತರಲ್ಲಿ ಬಹುತೇಕರು ಕಪ್ಪು ಮಹಿಳೆಯರು, ಬಡವರು. ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನಕ್ಕೆ ವಿರುದ್ಧವೆಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆಸ್ಪತ್ರೆ ಠಾಣೆಯಾದರೆ ಬಸುರಿ ಆಸ್ಪತ್ರೆಗೇ ಬರುವುದಿಲ್ಲ. ನಮ್ಮಲ್ಲಿ ಪೊಲೀಸರಿಲ್ಲ, ನಾಲಿಗೆಗಳಿವೆ. ‘ಥೂ, ಬಸುರಿಯಾಗಿ ಇದೆಲ್ಲ ಹಾಕ್ತೀಯಾ?’ ಎಂದು ಒಮ್ಮೆ ಕೇಳಿಸಿಕೊಂಡವಳು ಮುಂದಿನ ತಿಂಗಳು ಬಾಯಿ ಮುಕ್ಕಳಿಸಿಕೊಂಡು ಬರುತ್ತಾಳೆ, ಇಲ್ಲವೇ ಬರುವುದೇ ಇಲ್ಲ.

ತಾಯಿಗೆ ಹೊಣೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಹೊಣೆ ಹೊರಿಸುವ ಮೊದಲು ಬಿಡಲು ಬೇಕಾದದ್ದನ್ನು ಕೊಡಿ ಎನ್ನುತ್ತಿದ್ದೇನೆ: ಮೊದಲ ತಪಾಸಣೆಯಲ್ಲೇ ಛೀಮಾರಿಯಿಲ್ಲದ ಒಂದು ಪ್ರಶ್ನೆ, ಬಿಡಿಸಲು ಕೈಹಿಡಿಯುವ ಒಬ್ಬ ಆಪ್ತಸಲಹೆಗಾರ್ತಿ, ಹೊಲದಲ್ಲಿ ದುಡಿಯುವವಳಿಗೆ ಮಧ್ಯಾಹ್ನದ ಊಟ, ಬೀಡಿ ಕಟ್ಟುವವಳಿಗೆ ಕೂಲಿ ಸಹಿತ ಹೆರಿಗೆ ರಜೆ. ಇವಿಷ್ಟನ್ನೂ ಕೊಟ್ಟ ಮೇಲೆ ಬೇಕಾದರೆ ಆಕೆಯ ಬಾಯಿ ಮೂಸೋಣ.