ಮನೆಯ ಪಾಠಕ್ಕೂ ಗೈಡು ಬೇಕೆ?

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ತಂದೆತಾಯಿಗಳು ನಮ್ಮ ಪಟ್ಟಣಗಳಲ್ಲಿ ಈಚೆಗೆ ಅಲ್ಲಲ್ಲಿ ಕಾಣಬರುತ್ತಾರೆ. 2020ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶಾಲೆಗಳು ಮುಚ್ಚಿದಾಗ ಅನಿವಾರ್ಯವಾಗಿ ಆರಂಭವಾದುದನ್ನು ಕೆಲವರು ಬುದ್ಧಿಪೂರ್ವಕವಾಗಿಯೇ ಮುಂದುವರಿಸಿದರು. ಅದು ಸರಿಯೋ ತಪ್ಪೋ ಎಂಬ ಚರ್ಚೆ ನನಗಿಲ್ಲಿ ಪ್ರಕೃತವಲ್ಲ. ಅವರು ಹೇಳುವ ಕಾರಣವನ್ನು ಮಾತ್ರ ವಾಚಕರು ಗಮನಿಸಬೇಕು. ಶಾಲೆಯಲ್ಲಿ ಕಂಠಪಾಠವೇ ಹೊರತು ತಿಳಿವಳಿಕೆಯಿಲ್ಲ, ಅಂಕಗಳ ಆಸೆಯೇ ಹೊರತು ರಸಾಸ್ವಾದವಿಲ್ಲ ಎನ್ನುತ್ತಾರೆ. ಒಳ್ಳೆಯದು. ಹೀಗೆಂದು ಶಾಲೆಯನ್ನು ಬಿಡಿಸಿದವರೇ ಪುಸ್ತಕದಂಗಡಿಗೆ ಹೋಗಿ ಕನ್ನಡ ಪದ್ಯಭಾಗಕ್ಕೆ ಒಂದು ಗೈಡನ್ನು ಕೊಂಡುತರುವರೆಂದರೆ ಏನು ಹೇಳೋಣ! ಹೊಳೆಯ ನೀರು ಕೆಟ್ಟಿತೆಂದು ಹಿತ್ತಿಲಲ್ಲಿ ಬಾವಿ ತೋಡಿಸಿ, ಅದರೊಳಕ್ಕೆ ಹೊಳೆಯ ನೀರನ್ನೇ ಹೊತ್ತು ತಂದು ಸುರಿದಂತಾಯಿತು.

ಈ ಗ್ರಂಥಗಳ ಸ್ವರೂಪ ಎಲ್ಲರಿಗೂ ತಿಳಿದದ್ದೇ. ಕವಿಪರಿಚಯ, ಸಾರಾಂಶ, ಒಂದು ವಾಕ್ಯದ ಉತ್ತರ, ಮೂರು ನಾಲ್ಕು ವಾಕ್ಯಗಳ ಉತ್ತರ, ಅದರ ಮುಂದೆ ಸಂದರ್ಭಸಹಿತ ಸ್ವಾರಸ್ಯ. ಈ ಕಡೆಯದನ್ನು ಓದಿದಾಗಲೆಲ್ಲ ನನಗೆ ಸೋಜಿಗವಾಗುತ್ತದೆ. ಸ್ವಾರಸ್ಯವೆಂಬುದು ಸವಿದ ನಾಲಗೆಗೆ ಮಾತ್ರ ಗೊತ್ತಾಗತಕ್ಕ ವಸ್ತು. ಅದನ್ನು ಇನ್ನೊಬ್ಬನು ಸವಿದು, ನಾಲ್ಕು ಸಾಲಿನಲ್ಲಿ ಅಚ್ಚುಹಾಕಿಸಿ, ಮಗುವಿಗೆ ಬಾಯಿಪಾಠ ಮಾಡಿರೆಂದು ಕೊಟ್ಟರೆ, ಉಂಡವರಾರು, ತೇಗಿದವರಾರು?

ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಸಂಧಿ ಮುರಿದು ಹಿಂದಿರುಗುವ ಕೃಷ್ಣನು ಕರ್ಣನನ್ನು ರಥದಲ್ಲಿ ಕುಳ್ಳಿರಿಸಿಕೊಂಡು ಅವನ ಜನ್ಮರಹಸ್ಯವನ್ನು ತಿಳಿಸುವ ಪ್ರಸಂಗವನ್ನೇ ತೆಗೆದುಕೊಳ್ಳಿ. ನಾನು ಬಲ್ಲ ಒಂದು ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇದನ್ನು ಗೈಡಿನ ಮೂಲಕ ಕಲಿತಿದ್ದಳು. ಕರ್ಣನೇಕೆ ಅತ್ತನೆಂದು ಕೇಳಿದೆ. "ಸ್ವಾಮಿನಿಷ್ಠೆಯಿಂದ" ಎಂದು ಥಟ್ಟನೆ ಉತ್ತರ ಬಂತು. ಪದ್ಯವನ್ನು ಓದಮ್ಮ ಎಂದರೆ, ಅದನ್ನು ಓದಿಯೇ ಇರಲಿಲ್ಲ, ಸಾರಾಂಶವನ್ನು ಓದಿದ್ದಳು! ಮೂಲವನ್ನು ತರಿಸಿ, ಭಾಮಿನಿಯ ಮೂರು ನಾಲ್ಕು ಮಾತ್ರೆಗಳ ನಡೆ ಕಿವಿಗೆ ಹತ್ತುವಂತೆ ಎರಡು ಸಲ ಓದಿದೆ. ಸಿಂಹಾಸನವೇ ಕೈಗೆ ಬರುವ ಹೊತ್ತಿನಲ್ಲಿ ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣೀರು ಉಕ್ಕುತ್ತದೆ. ಅವನು ನೊಂದುಕೊಳ್ಳುವುದು ಕೌರವನಿಗೆ ಬಂದ ಕೇಡನ್ನು ನೆನೆದು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಕೃಷ್ಣ ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದಳು. ಕುತೂಹಲದಿಂದ ಗೈಡನ್ನು ತಿರುವಿ ನೋಡಿದೆವು. ಅಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಆ ಸಂಜೆಯೆಲ್ಲ ಆ ಮನೆಯಲ್ಲಿ ಅದೇ ಮಾತು. ತಾಯಿ ಒಂದು ಹೇಳಿದರೆ ತಂದೆ ಇನ್ನೊಂದು.

"ನಿಮ್ಮ ಪಾಠಶಾಲೆಗಳಲ್ಲಿ ವ್ಯಾಖ್ಯಾನಗಳಿರಲಿಲ್ಲವೆ? ಮಲ್ಲಿನಾಥನಿಲ್ಲದೆ ರಘುವಂಶವನ್ನು ಓದಿದವರುಂಟೆ?" ಎಂದು ಕೆಲವರು ಆಕ್ಷೇಪಿಸಬಹುದು. ಉಂಟು, ವ್ಯಾಖ್ಯಾನವಿತ್ತು. ಆದರೆ ಆ ಮಹಾನುಭಾವನು ಪಣತೊಟ್ಟದ್ದೇನೆಂಬುದನ್ನು ಮರೆಯಲಾಗದು. ಮೂಲದಲ್ಲಿಲ್ಲದ್ದನ್ನು ಬರೆಯೆನು, ಬೇಡದ್ದನ್ನು ಹೇಳೆನು ಎಂದವನು ಅವನು. ದುರ್ವ್ಯಾಖ್ಯಾನಗಳ ವಿಷದಿಂದ ಕಾಳಿದಾಸನ ವಾಣಿ ಮೂರ್ಛೆಹೋಗಿದೆಯೆಂದು ತನ್ನ ಟೀಕೆಗೆ ಸಂಜೀವಿನಿಯೆಂದು ಹೆಸರಿಟ್ಟನು. ವಿಷದ ಮಾತು ಅಂದೇ ಇದ್ದಿತೆಂಬುದನ್ನು ನೋಡಿರಿ! ನಮ್ಮ ಗುರುಗಳು ಮೊದಲು ಪದಚ್ಛೇದ ಮಾಡಿಸಿ, ಕ್ರಿಯಾಪದ ಯಾವುದೆಂದು ಕೇಳುತ್ತಿದ್ದರು. ಬಳಿಕ, ಯಾರು? ಯಾರನ್ನು? ಎಂತಹವನು? ಹೀಗೆ ಒಂದೊಂದು ಪ್ರಶ್ನೆಗೂ ಶ್ಲೋಕದೊಳಗಿನಿಂದಲೇ ಒಂದೊಂದು ಪದವನ್ನು ಎತ್ತಿ ಕೊಡಬೇಕಾಗಿತ್ತು. ಪದವೆಲ್ಲ ಮುಗಿಯುವ ಹೊತ್ತಿಗೆ ಅನ್ವಯವಾಗಿರುತ್ತಿತ್ತು. ಕಾವ್ಯವನ್ನು ನೋಡದೆ ಅಲ್ಲಿ ಉತ್ತರವಿಲ್ಲ. ಗೈಡಿನಲ್ಲಾದರೋ ಕಾವ್ಯವನ್ನು ನೋಡಿದರೆ ಕಾಲಹರಣ.

ತಾವು ಪಂಡಿತರಲ್ಲ, ಹಳಗನ್ನಡ ನಡುಗನ್ನಡಗಳು ಎಟುಕವು, ಯಾವುದನ್ನು ಆಶ್ರಯಿಸೋಣ ಎಂದು ತಾಯಂದಿರು ಕೇಳುವುದುಂಟು. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಗದರಿಕೆ ಸಲ್ಲದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿಯೇ ಪೂರ್ಣಗೊಂಡಿದೆ. ಮನೆಯಲ್ಲಿಲ್ಲದಿದ್ದರೆ ಗ್ರಂಥಾಲಯದಲ್ಲಿ ನೋಡಬಹುದು. ಪಂಪನನ್ನು ಓದುವವರಿಗೆ ಡಿ. ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆಯಿದೆ. ಅಲ್ಲಿ ಪದ್ಯದ ಅರ್ಥ ಬಿಡಿಸಿ ನಿಂತಿದ್ದಾರೆ, ಮೆಚ್ಚುವ ಕೆಲಸವನ್ನು ನಮಗೆ ಬಿಟ್ಟಿದ್ದಾರೆ. ಇಂಥವು ದೊಡ್ಡವರ ಕೈಯಲ್ಲಿರಲಿ. ಮಗುವಿನ ಕೈಯಲ್ಲಿ ಮೂಲವೊಂದೇ ಸಾಕು. ದಿನಕ್ಕೆ ಎರಡು ಷಟ್ಪದಿ ಗಟ್ಟಿಯಾಗಿ ಓದಿ, ತಿಳಿಯದ ಪದವನ್ನು ತಾಯಿಮಕ್ಕಳು ಕೂಡಿಯೇ ಹುಡುಕಿದರೆ ತಾಯಿಗೆ ಅವಮಾನವೇನೂ ಇಲ್ಲ. ಊರಿನಲ್ಲಿ ಗಮಕ ವಾಚನ ನಡೆದರೆ ಕರೆದುಕೊಂಡು ಹೋಗಿರಿ. ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು ಅಕ್ಕಪಕ್ಕ ಕುಳಿತು, ಒಬ್ಬರ ಮಾತನ್ನು ಇನ್ನೊಬ್ಬರು ನುಂಗದೆ ನಡೆಯಿಸುವುದನ್ನು ಮಗು ಕಣ್ಣಾರೆ ನೋಡಲಿ.

ಇನ್ನು ಪರೀಕ್ಷೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಮನೆಯಲ್ಲಿ ಓದಿದ ಮಕ್ಕಳೂ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಯನ್ನು ಬರೆಯಬಹುದಷ್ಟೆ. ಬರೆಯಲಿ. ಕಾವ್ಯವನ್ನು ನಾಲ್ಕಾರು ವರ್ಷ ಬಾಯಾರೆ ಓದಿದ ಮಗುವಿಗೆ ಹತ್ತು ವಾಕ್ಯಗಳ ಉತ್ತರದ ಮರ್ಯಾದೆಯನ್ನು ಕಲಿಸಲು ಎರಡು ತಿಂಗಳು ಧಾರಾಳವಾಯಿತು. ಆಗ ಬೇಕಾದರೆ ಗೈಡನ್ನು ತನ್ನಿರಿ. ಅದುವರೆಗೆ ಅದು ಅಂಗಡಿಯಲ್ಲಿಯೇ ಇರಲಿ. ಮಾರುವವರಿಗೆ ಗಿರಾಕಿಗಳ ಕೊರತೆಯೇನೂ ಇಲ್ಲ.