ಐದು ವರ್ಷಕ್ಕೇ ಶುರು ಮಾಡದಿದ್ದರೆ ಮಗು ಆಟಗಾರ ಆಗುವುದಿಲ್ಲವೇ?

‘ಟೈಗರ್ ವುಡ್ಸ್ ಎರಡು ವರ್ಷಕ್ಕೇ ಗಾಲ್ಫ್ ಆಡಿದ, ನಿಮ್ಮ ಮಗು ಏನು ಮಾಡ್ತಿದೆ?’ ಬೇಸಿಗೆ ರಜೆ ಬಂತೆಂದರೆ ಈ ಧಾಟಿಯ ಫಾರ್ವರ್ಡ್‌ಗಳನ್ನು ನೀವೂ ನೋಡಿರುತ್ತೀರಿ. ಮೊದಲ ಅರ್ಧ ನಿಜ. 1978ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಎರಡು ವರ್ಷದ ಟೈಗರ್ ಚೆಂಡು ಹೊಡೆದು ತೋರಿಸಿದ್ದ.

ಅದೇ ಟೈಗರ್ 2009ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಮೂರು ದಿನ ಮುಗಿದಾಗ ಮುಂದಿದ್ದರೂ ಕೊನೆಗೆ ಸೋತರು. ಗೆದ್ದವರು ದಕ್ಷಿಣ ಕೊರಿಯಾದ ವೈ.ಇ. ಯಾಂಗ್. ಅವರು ಗಾಲ್ಫ್ ಕಲಿಯಲು ಶುರು ಮಾಡಿದ್ದು 19ನೇ ವಯಸ್ಸಿನಲ್ಲಿ! ಈ ವಿಷಯವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಬೇಗ ಶುರು ಮಾಡಿದವರು, ಸುಮಾರು ಐದನೇ ವಯಸ್ಸಿಗೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರಿಗೆ ನಾಲ್ಕನೇ ಸ್ಥಾನ ಸಿಕ್ಕಿತು. ಆದರೆ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಹೊಸದುರ್ಗ, ಹೊಳಲ್ಕೆರೆಯ ಮಕ್ಕಳಿಗೆ ಗಾಲ್ಫ್ ಎಂದರೆ ಟಿವಿಯಲ್ಲಿ ಕಾಣುವ ಆಟ. ಹಾಗಾದರೆ ಅವರು ಕಳೆದುಕೊಂಡದ್ದೇನು? ನಾವು ಓದಿ ತಿಳಿದ ಮಟ್ಟಿಗೆ, ಅಂದುಕೊಂಡಷ್ಟಿಲ್ಲ.

ಕ್ರೀಡಾ ತರಬೇತಿಯ ತಜ್ಞರು ಜಿಮ್ನಾಸ್ಟಿಕ್ಸ್ ಅನ್ನು ಬೇಗ ಪಳಗಬೇಕಾದ ಆಟ ಎನ್ನುತ್ತಾರೆ, ಗಾಲ್ಫ್ ಅನ್ನು ತಡವಾಗಿ ಪಳಗಬಹುದಾದ ಆಟಗಳ ಸಾಲಿಗೆ ಸೇರಿಸುತ್ತಾರೆ. ಆರರಿಂದ ಒಂಬತ್ತರ ಮಗುವಿಗೆ ಬೇಕಾದದ್ದು ಓಡುವುದು, ಜಿಗಿಯುವುದು, ಎಸೆಯುವುದು, ಹಿಡಿಯುವುದು, ಗುರಿಯಿಟ್ಟು ಹೊಡೆಯುವುದು. ಗಾಲ್ಫ್ ಸ್ವಿಂಗ್ ಇವುಗಳ ಮೇಲೆಯೇ ನಿಲ್ಲುತ್ತದೆ. ಚಿನ್ನಿದಾಂಡು ನೆನಪಿಸಿಕೊಳ್ಳಿ: ಗಾಳಿಯಲ್ಲಿ ಎದ್ದ ಚಿನ್ನಿಯ ಮೇಲೆ ಕಣ್ಣಿಟ್ಟು, ಸೊಂಟ ತಿರುಗಿಸಿ, ಸರಿಯಾದ ಗಳಿಗೆಗೆ ದಾಂಡು ಬೀಸಬೇಕು. ನಿಂತ ಚೆಂಡಿಗೆ ಹೊಡೆಯುವ ಗಾಲ್ಫ್‌ಗೆ ಇದು ಕೆಟ್ಟ ಪೂರ್ವತಯಾರಿ ಅಲ್ಲ. (ಹಳೆಯ ಆಟ ಎಂದು ಕಣ್ಣುಮುಚ್ಚಿ ಹೊಗಳುವುದೂ ಬೇಡ. ಚಿನ್ನಿ ಬಡಿದು ಮಕ್ಕಳ ಕಣ್ಣಿಗೆ ಗಾಯವಾಗುವುದನ್ನು ನಮ್ಮ ದೇಶದ ನೇತ್ರ ವೈದ್ಯರು ಮತ್ತೆ ಮತ್ತೆ ಕಾಣುತ್ತಾರೆ. ನೋಡುವವರು ದೂರ ನಿಲ್ಲಬೇಕು. ಗಾಲ್ಫ್‌ನಲ್ಲೂ ಅಷ್ಟೆ, ಮಕ್ಕಳ ತಲೆಗೆ ಪೆಟ್ಟಾಗುವುದು ಹೆಚ್ಚಾಗಿ ಪಕ್ಕದ ಮಗು ಬೀಸಿದ ಕೋಲಿನಿಂದ.)

ಇನ್ನು ಗಾಲ್ಫ್ ಕಲಿಸುವವರಿದ್ದರೆ ಎಲ್ಲಿಂದ ಶುರು ಮಾಡಬೇಕು? ಗುಳಿಯ ಹತ್ತಿರದಿಂದ. ಮೆಲ್ಲಗೆ ತಳ್ಳಿ ಚೆಂಡನ್ನು ಗುಳಿಗೆ ಬೀಳಿಸುವ ಆಟ ಪುಟ್ಟ ಮಗುವಿಗೂ ಅರ್ಥವಾಗುತ್ತದೆ. ದೂರದ ಹೊಡೆತ ಆಮೇಲೆ. ‘ಮೊಣಕೈ ಹೀಗಿಡು, ಭುಜ ಹಾಗಿಡು’ ಎನ್ನುವುದಕ್ಕಿಂತ ‘ಆ ಬಕೆಟ್ಟಿಗೆ ಬೀಳಿಸು’ ಎಂದರೆ ಮಗು ಬೇಗ ಕಲಿಯುತ್ತದೆ. ಗಮನ ದೇಹದ ಮೇಲಲ್ಲ, ಗುರಿಯ ಮೇಲೋ ಕೋಲಿನ ಮೇಲೋ ಇದ್ದರೆ ಹೊಡೆತ ಸುಧಾರಿಸುತ್ತದೆ ಎಂಬುದನ್ನು ಸಂಶೋಧಕರು ಗಾಲ್ಫ್‌ನಲ್ಲೇ ಪರೀಕ್ಷಿಸಿ ನೋಡಿದ್ದಾರೆ. ದೊಡ್ಡವರ ಕೋಲನ್ನು ಕತ್ತರಿಸಿ ಕೊಡುವ ಉಳಿತಾಯ ಮಾತ್ರ ಬೇಡ. ಗಿಡ್ಡವಾದರೂ ಅದು ಭಾರವಾಗಿಯೇ ಇರುತ್ತದೆ, ಬಿರುಸೂ ಆಗುತ್ತದೆ. ಅದನ್ನು ಎತ್ತಲು ಮಗು ಬೆನ್ನು ತಿರುಚುವುದು ರೂಢಿಯಾಗುತ್ತದೆ.

ನಮಗೆ ಹೆಚ್ಚು ಆತಂಕ ಇರುವುದು ಮುಂದಿನ ಹಂತದ ಬಗ್ಗೆ. ಹುಡುಗಿಯರು ಸುಮಾರು 12, ಹುಡುಗರು ಸುಮಾರು 14ರ ಹೊತ್ತಿಗೆ ಸರ್ರನೆ ಎತ್ತರ ಬೆಳೆಯುತ್ತಾರೆ. ಆಗ ಮೂಳೆ ತುದಿಗಳ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ನಿನ್ನೆವರೆಗೆ ಸಲೀಸಾಗಿದ್ದ ಹೊಡೆತ ಇಂದು ತಪ್ಪುತ್ತದೆ, ಏಕೆಂದರೆ ಕೈಕಾಲಿನ ಅಳತೆಯೇ ಬದಲಾಗಿದೆ. ಮಗುವಿಗೆ ಆಸಕ್ತಿ ಇಲ್ಲ ಎಂದು ಬಯ್ದು ದಿನಕ್ಕೆ ಇನ್ನೂರು ಹೊಡೆತ ಹೊಡೆಸುವುದು ಇದೇ ಹೊತ್ತಿಗೆ. ಒಂದೇ ಕಡೆಗೆ ತಿರುಗುವ ಈ ಆಟದಲ್ಲಿ ಕೆಳಬೆನ್ನು ನೋವು ಮೊದಲೇ ಸಾಮಾನ್ಯ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ ಇದು: ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು 15-16 ವರ್ಷದವರೆಗೆ ಮುಂದೂಡಿ, ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರದಿರಲಿ ಎಂಬ ಲೆಕ್ಕವೂ ಬಳಕೆಯಲ್ಲಿದೆ. ಹತ್ತು ವರ್ಷದವರಿಗೆ ವಾರಕ್ಕೆ ಹತ್ತು ಗಂಟೆ.

ಹಿರಿಯೂರಿನ ಎಂಟು ವರ್ಷದ ಹುಡುಗಿ ಸಂಜೆ ಲಗೋರಿ ಆಡುತ್ತಾ, ಕುಂಟೆಬಿಲ್ಲೆ ಕುಣಿಯುತ್ತಾ, ರಜೆಯಲ್ಲಿ ದುರ್ಗದ ಕೋಟೆಯ ಮೆಟ್ಟಿಲು ಹತ್ತುತ್ತಿದ್ದರೆ ಅವಳ ತರಬೇತಿ ಆಗಲೇ ಶುರುವಾಗಿದೆ. ಹದಿಮೂರಕ್ಕೆ ಅವಳ ಕೈಗೆ ಹಾಕಿ ಕೋಲು ಬಂದರೂ ಗಾಲ್ಫ್ ಕೋಲು ಬಂದರೂ ತಡವೇನಿಲ್ಲ.